ನಮ್ಮ ಒಳ್ಳೆಮೆಣಸಿಗೆ ಕೊಲಂಬೋದ ಸರ್ಟಿಫಿಕೇಟ್ ಯಾಕೆ ಅಡ್ಡ ಬರ್ತದೆ?

ಅಟ್ಟದ_ಗೋಣಿ (ವಿಟ್ಲ)
ಎಲ್ರಿಗೂ ನಮಸ್ಕಾರ. ಮೊನ್ನೆ ಅಪ್ಪನ ಜೊತೆ ಮಂಗಳೂರು ಬಂದರಿಗೆ ಒಳ್ಳೆಮೆಣಸಿನ (ಕಾಳುಮೆಣಸಿನ) ಸ್ಯಾಂಪಲ್ ಹಿಡ್ಕೊಂಡು ಹೋಗಿದ್ದೆ. ಅಂಗಡಿಯವರು ಪೇಪರಿನ ಮೇಲೆ ನಮ್ಮದು ಒಂದು ಹಿಡಿ, ಪಕ್ಕದಲ್ಲಿ ಬೇರೊಂದು ಹಿಡಿ ಸುರಿದ್ರು. ಲೀಟರ್ ಡಬ್ಬಿಗೆ ಹಾಕಿ ತೂಗಿದ್ರೆ ನಮ್ಮದು 560 ಗ್ರಾಂ, ಆಚೆದು 500ಕ್ಕೆ ಮುಟ್ಟಲಿಲ್ಲ. ಭಾರ ಇದ್ದಷ್ಟು ಕಾಳು ಒಳ್ಳೇದು ಅಂತ ಲೆಕ್ಕ. ಅಪ್ಪನ ಮುಖ ಅರಳಿತು. ಆದ್ರೆ ಅವರು ಹೇಳಿದ್ದು: "ಅದು ಹೊರಗಿನ ಮಾಲು. ಪುಡಿ ಮಾಡುವವನಿಗೆ ಲೀಟರ್ ವೇಟ್ ಯಾಕೆ ಭಟ್ರೆ, ಅವನಿಗೆ ಕ್ರಯ ಕಮ್ಮಿ ಇದ್ರೆ ಸಾಕು."

ವಿಯೆಟ್ನಾಂ ಮೆಣಸಿಗೆ ಸುಂಕ ಇಲ್ವಾ ಅಂತ ಕೇಳಿದೆ. ಉಂಟು, ಆದ್ರೆ ಅದು ಕೊಲಂಬೋದ ಸರ್ಟಿಫಿಕೇಟ್ ಹಿಡ್ಕೊಂಡು ಲಂಕೆಯ ಹೆಸರಲ್ಲಿ ಬರ್ತದಂತೆ. ಬಸ್ಸಿನಲ್ಲಿ ಅಪ್ಪ ಮಾತೇ ಆಡಲಿಲ್ಲ. ಕಲ್ಲಡ್ಕದಲ್ಲಿ ಇಳಿದು ಕೆಟಿ (ಕಲ್ಲಡ್ಕ ಟೀ) ಕುಡಿಯುವಾಗ ಮಾತ್ರ "ಈ ಒಪ್ಪಂದ ಮಾಡುವಾಗ ನಮ್ಮ ಹತ್ರ ಕೇಳಿದ್ದು ಯಾರು?" ಅಂದ್ರು. ನನಗೆ ಉತ್ತರ ಗೊತ್ತಿರಲಿಲ್ಲ. ಪೇಪರಲ್ಲಿ ನೋಡಿದ್ರೆ ಬ್ರಿಟನ್ ಒಪ್ಪಂದ, ಸ್ವಿಟ್ಜರ್ಲೆಂಡ್ ಒಪ್ಪಂದ, ಒಂದರ ಹಿಂದೆ ಒಂದು. ಇದರಿಂದ ನಮ್ಮಂಥ ದೇಶಕ್ಕೆ ಲಾಭವಾ ನಷ್ಟವಾ? ತಿಳಿದವರು ಹೇಳಿ.

ಚಾಲಿ_ಪಟೋರ (ಪುತ್ತೂರು)
ಸ್ವಲ್ಪ ಉದ್ದ ಆಗ್ತದೆ, ಕ್ಷಮಿಸಿ.

ಮೆಣಸು ಒಳಗೆ ಬರ್ಲಿಕ್ಕೆ ಮೂರು ಬಾಗಿಲು ಉಂಟು. ಒಂದನೇದು ಆಸಿಯಾನ್ (ಆಗ್ನೇಯ ಏಷ್ಯಾದ ದೇಶಗಳ ಕೂಟ) ಒಪ್ಪಂದ, 2010ರ ಜನವರಿ 1ರಿಂದ ಜಾರಿ. ವಿಯೆಟ್ನಾಂ, ಇಂಡೋನೇಷ್ಯಾ ಎಲ್ಲ ಅದರಲ್ಲೇ. ಅದರಲ್ಲಿ ಮೆಣಸು, ಕಾಫಿ, ಚಹಾ, ತಾಳೆಎಣ್ಣೆ ಇವನ್ನು 'ವಿಶೇಷ ಉತ್ಪನ್ನ' ಅಂತ ಬೇರೆ ಇಟ್ಟು, ಮೆಣಸಿನ ಸುಂಕವನ್ನು ಶೇ 70ರಿಂದ ನಿಧಾನಕ್ಕೆ ಶೇ 50ಕ್ಕೆ ಇಳಿಸಿದ್ರು. ಎರಡನೇದು ಸಾರ್ಕ್ ದೇಶಗಳ ಸಾಫ್ಟಾ, ಅದರಲ್ಲಿ ಲಂಕೆಯ ಮೆಣಸಿಗೆ ಶೇ 8. ಮೂರನೇದು ಭಾರತ-ಶ್ರೀಲಂಕಾ ಒಪ್ಪಂದ, 1998ರಲ್ಲಿ ಸಹಿ, 2000ದ ಮಾರ್ಚ್ 1ರಿಂದ ಜಾರಿ. ಇದರಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವೇ ಇಲ್ಲದೆ ಬರ್ಬಹುದು.

50, 8, 0. ಮಾಲು ಒಂದೇ, ಬಾಗಿಲು ಮಾತ್ರ ಬೇರೆ. ನೀವು ವ್ಯಾಪಾರಿ ಆದ್ರೆ ಯಾವ ಬಾಗಿಲಲ್ಲಿ ನುಗ್ತೀರಿ?

2016ರ ಹೊತ್ತಿಗೆ ಕಿಲೋಗೆ 700ರ ಆಸುಪಾಸು ಇದ್ದ ಮೆಣಸು ಮೂರು ವರ್ಷದಲ್ಲಿ ಅರ್ಧಕ್ಕೆ ಬಂತು. ವಿಯೆಟ್ನಾಂನಲ್ಲಿ ಬೆಳೆ ಜಾಸ್ತಿ ಆದದ್ದೂ ಕಾರಣವೇ, ಎಲ್ಲವನ್ನೂ ಲಂಕೆಯ ತಲೆಗೆ ಕಟ್ಟಬೇಡಿ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಕನಿಷ್ಠ ಆಮದು ಬೆಲೆ 500 ರೂಪಾಯಿ ಅಂತ ನಿಗದಿ ಮಾಡಿತು. ಅದಕ್ಕಿಂತ ಕಮ್ಮಿ ಬಿಲ್ಲಿನ ಮೆಣಸು ಒಳಗೆ ಬರುವ ಹಾಗಿಲ್ಲ. ಬಿಲ್ಲಿನಲ್ಲಿ 500 ಬರೆಯುವುದು ಎಷ್ಟು ಕಷ್ಟ ಅಂತ ಮಾತ್ರ ಕೇಳ್ಬೇಡಿ.

ದುಬೈ_ಪುಳಿಮುಂಚಿ
ಹನುಮಂತ ಲಂಕೆಗೆ ಹಾರಿದ್ದು ಒಂದೇ ಸಲ. ಮೆಣಸು ದಿನಾ ಹಾರ್ತದೆ 😀

ಪಣಂಬೂರು_ಗಾಳಿ
ನಾನು ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವ. ಆ 'ಸರ್ಟಿಫಿಕೇಟ್ ಆಫ್ ಒರಿಜಿನ್' ಅಂದ್ರೆ ಒಂದೇ ಹಾಳೆ. ಕಳಿಸುವ ದೇಶದ ಇಲಾಖೆಯ ಸೀಲು, ಒಂದು ಸಹಿ. ಮೊದಲೆಲ್ಲ ಸಹಿ ನಮ್ಮ ಕಸ್ಟಮ್ಸಿನ ಕಡತದಲ್ಲಿರುವ ಮಾದರಿಗೆ ತಾಳೆ ಆದ್ರೆ ಮುಗೀತು, ಮಾಲು ಹೊರಗೆ. ಮೆಣಸು ಯಾವ ತೋಟದ್ದು ಅಂತ ಹಾಳೆ ನೋಡಿ ಹೇಳ್ಲಿಕ್ಕೆ ಬ್ರಹ್ಮನಿಗೂ ಆಗದು.

2020ರ ಸೆಪ್ಟೆಂಬರ್ 21ರಿಂದ ರೂಲು ಬದಲಾಯ್ತು. ಕಾರೋಟಾರ್ ಅಂತ ಹೆಸರು. ಈಗ ಮಾಲು ಎಲ್ಲಿ ಬೆಳೆದದ್ದು, ಹೇಗೆ ತಯಾರಾದದ್ದು ಅಂತ ಇಲ್ಲಿಯ ಆಮದುದಾರನೇ ಮಾಹಿತಿ ಇಟ್ಕೊಳ್ಬೇಕು, ಅಧಿಕಾರಿ ಕೇಳಿದ್ರೆ ಕೊಡ್ಬೇಕು, ಇಲ್ಲಾಂದ್ರೆ ರಿಯಾಯಿತಿ ಇಲ್ಲ. ಬಂದ ಹೊಸತರಲ್ಲಿ ನಮ್ಮ ಆಫೀಸಿನಲ್ಲಿ ಗಿರಾಕಿಗಳು ಬೊಬ್ಬೆ ಹಾಕಿದ್ದೇ ಹಾಕಿದ್ದು. ಅಷ್ಟು ಬೊಬ್ಬೆ ಹಾಕ್ಬೇಕಾದ್ರೆ ಎಲ್ಲೋ ಚುಚ್ಚಿದೆ ಅಂತಲೇ ಅರ್ಥ.

ತೆಂಕಿಲದ_ತೋಟ
ಇದೆಲ್ಲ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಮಾಡಿದ ಅನ್ಯಾಯ. ಅಡಿಕೆಗೂ ಬಾಗಿಲು ತೆಗಿ ಅಂತ ಅವರೇ ಒತ್ತಾಯ ಮಾಡಿದ್ದು.

ಚಾಲಿ_ಪಟೋರ (ಪುತ್ತೂರು)
ಅಣ್ಣ, ಅರ್ಧ ಸರಿ. ಆಮದು ನಿರ್ಬಂಧ ಇದ್ದ ಕೊನೆಯ 715 ವಸ್ತುಗಳನ್ನು 2001ರ ಏಪ್ರಿಲ್ 1ಕ್ಕೆ ಬಿಟ್ಟದ್ದು ಡಬ್ಲ್ಯುಟಿಒದಲ್ಲಿ ಅಮೆರಿಕದ ಎದುರು ಕೇಸು ಸೋತ ಮೇಲೆ, ಅದು ಹೌದು. ಆದ್ರೆ ಅಡಿಕೆಗೆ ಶೇ 100 ಸುಂಕ ಹಾಕ್ಲಿಕ್ಕೆ ಅಲ್ಲಿ ಅಡ್ಡಿ ಇಲ್ಲ, ಹಾಕಿಯೂ ಉಂಟು. ತೂತು ಬಿದ್ದದ್ದು ನೆರೆಕರೆಯ ಒಪ್ಪಂದಗಳಲ್ಲಿ. ಅದಕ್ಕೇ ಅಡಿಕೆಗೂ ಕನಿಷ್ಠ ಆಮದು ಬೆಲೆ ಬಂದದ್ದು: 2017ರಲ್ಲಿ 251, 2023ರಲ್ಲಿ 351 ರೂಪಾಯಿ. ಅದರ ನಡುವೆ 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ಈ ಷರತ್ತೇ ಇಲ್ಲದೆ ಬರ್ಬಹುದು ಅಂತ ಆದೇಶ. ಆವತ್ತು ಪುತ್ತೂರು ಪೇಟೆಯಲ್ಲಿ ಆದ ಗಲಾಟೆ ನೆನಪುಂಟಾ? ಆಮೇಲೆ ಹುರಿದ ಅಡಿಕೆ ಅಂತ ಬೇರೆ ಕೋಡ್ ಹಾಕಿ ತರ್ಲಿಕ್ಕೆ ಶುರು ಮಾಡಿದ್ರು. 2025ರಲ್ಲಿ ಅದಕ್ಕೂ 351ರ ಬೇಲಿ ಹಾಕಿದ್ರು.

ದುಬೈ_ಪುಳಿಮುಂಚಿ
ಹುರಿದ ಅಡಿಕೆ ತಿನ್ನುವವ ಯಾರು ಮಾರಾಯ್ರೆ?

ಪಣಂಬೂರು_ಗಾಳಿ
ಯಾರೂ ಇಲ್ಲ. ಹುರಿದದ್ದು ಕಾಗದದಲ್ಲಿ.

ಫ್ಯಾಕ್ಟರಿ_ಬೀಜ (ಕಾರ್ಕಳ)
ಆಮದು ಅಂದ ಕೂಡ್ಲೆ ಬೈಯುವ ಮೊದಲು ನಮ್ಮ ಕಷ್ಟವೂ ಕೇಳಿ. ನಂದು ಸಣ್ಣ ಗೇರುಬೀಜದ ಫ್ಯಾಕ್ಟರಿ. ಇಲ್ಲಿಯ ಗುಡ್ಡೆಯ ಬೀಜ ಎರಡು ಮೂರು ತಿಂಗಳಿಗೂ ಸಾಲುವುದಿಲ್ಲ. ಉಳಿದ ತಿಂಗಳು ಹೆಂಗಸರಿಗೆ ಕೆಲಸ ಕೊಡ್ಬೇಕಾದ್ರೆ ಬೆನಿನ್, ಐವರಿ ಕೋಸ್ಟ್, ಟಾಂಜಾನಿಯಾದ ಬೀಜವೇ ಆಗ್ಬೇಕು. ಬೆನಿನ್, ಟಾಂಜಾನಿಯಾ ತೀರಾ ಹಿಂದುಳಿದ ದೇಶಗಳ ಪಟ್ಟಿಯಲ್ಲಿರುವುದರಿಂದ ಅಲ್ಲಿಯದಕ್ಕೆ ಸುಂಕ ಇಲ್ಲ. ಐವರಿ ಕೋಸ್ಟ್ ಆ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಅದಕ್ಕೆ ಶೇ 2.5. ನಮಗೆ ಪೆಟ್ಟು ಕೊಟ್ಟದ್ದು ಹಸಿ ಬೀಜ ಅಲ್ಲ. ವಿಯೆಟ್ನಾಂ ಮೆಷಿನಿನಲ್ಲಿ ಒಡೆದು ಕಳಿಸುವ ತಿರುಳು. 2019ರಲ್ಲಿ ತಿರುಳಿಗೆ ಸುಂಕ ಶೇ 70ಕ್ಕೆ ಏರಿಸಿ, ಇಡೀ ಬೀಜಕ್ಕೆ 720, ತುಂಡಿಗೆ 680 ಅಂತ ಕನಿಷ್ಠ ಬೆಲೆ ಕಟ್ಟಿದ ಮೇಲೆ ಸ್ವಲ್ಪ ಉಸಿರಾಡಿದೆವು.

ಗುಡ್ಡೆ_ಗೇರು (ಬೈಂದೂರು)
ನಿಮ್ಗೆ ಹಸಿ ಬೀಜಕ್ಕೆ ಸುಂಕ ಬೇಡ, ತಿರುಳಿಗೆ ಬೇಕು. ನನ್ಗೆ ಎರಡಕ್ಕೂ ಬೇಕು. ನಾವು ಹೆಕ್ಕಿದ ಬೀಜದ ಕ್ರಯ ನಿಮ್ಮ ಹಡಗು ಬರುವ ದಿವಸವೇ ಇಳೀತದಲ್ಲ, ಅದಕ್ಕೆ ಯಾರು ಬೊಬ್ಬೆ ಹಾಕ್ತಾರೆ?

ಫ್ಯಾಕ್ಟರಿ_ಬೀಜ (ಕಾರ್ಕಳ)
ಹಡಗು ಬಾರದಿದ್ರೆ ಫ್ಯಾಕ್ಟರಿ ಬಂದ್. ಫ್ಯಾಕ್ಟರಿ ಬಂದ್ ಆದ್ರೆ ನಿಮ್ಮ ಬೀಜ ಯಾರಿಗೆ ಕೊಡ್ತೀರಿ? ಸುಟ್ಟು ತಿನ್ನಬೇಕಷ್ಟೆ.

ಸುಲಿದ_ಕೈ
ಇಬ್ಬರೂ ಜಗಳ ಮಾಡಿ, ನಡುವಲ್ಲಿ ಇದ್ದವರು ನಾವು. ನಾನು ಒಂಬತ್ತು ವರ್ಷ ಒಂದು ಬೀಜದ ಫ್ಯಾಕ್ಟರಿಯಲ್ಲಿ ಕಟ್ಟಿಂಗಿಗೆ ಹೋಗಿದ್ದೆ, ಹೆಸರು ಬೇಡ. ಒಂದು ಕಾಲು ಪೆಡಲಿನ ಮೇಲೆ, ಎಡಗೈಯಲ್ಲಿ ಬೀಜ, ಬ್ಲೇಡು ಸರಿ ನಡುವಿಗೆ ಕೂರಬೇಕು. ಓರೆ ಆದ್ರೆ ತಿರುಳು ಎರಡು ತುಂಡು, ಆಮೇಲೆ ಮೇಸ್ತ್ರಿಯ ಬೈಗುಳ. ಸಿಪ್ಪೆಯ ಎಣ್ಣೆ ತಾಗಿದಲ್ಲಿ ಚರ್ಮ ಕಪ್ಪಾಗಿ ಏಳ್ತದೆ. ಬೆಳಿಗ್ಗೆ ಕೈಗೆ ಹರಳೆಣ್ಣೆ, ಬೂದಿ ಹಚ್ಚಿಯೇ ಕೂರುವುದು. ಮದುವೆ ಮನೆಯಲ್ಲಿ ಕೈ ಸೆರಗಿನ ಒಳಗೆ ಇಟ್ಕೊಳ್ತಿದ್ದೆ.

ಆಮೇಲೆ ಮೆಷಿನ್ ಬಂತು. ವಿಯೆಟ್ನಾಂನ ಹಾಗೆ ಮಾಡದಿದ್ರೆ ಉಳಿಗಾಲ ಇಲ್ಲ ಅಂದ್ರು ಧಣಿಗಳು. ನಮ್ಮಲ್ಲಿ ಅರ್ಧ ಜನರಿಗೆ ಕೆಲಸ ಹೋಯ್ತು. ನನ್ನ ಕೈ ಈಗ ಸರಿ ಉಂಟು, ಕೆಲಸ ಇಲ್ಲ. ಒಪ್ಪಂದದಿಂದ ಲಾಭವಾ ನಷ್ಟವಾ ಅಂತ ಕೇಳಿದ್ರಲ್ಲ, ಇದನ್ನು ಯಾವ ಲೆಕ್ಕಕ್ಕೆ ಬರ್ಕೊಳ್ತೀರಿ?

ಅಟ್ಟದ_ಗೋಣಿ (ವಿಟ್ಲ)
ಅಕ್ಕಾ, ನನ್ನ ಪ್ರಶ್ನೆಯೇ ಬಾಲಿಶ ಅಂತ ಅನ್ನಿಸ್ತು ಈಗ.

ಗಂಟಲ್ಕಟ್ಟೆಯ_ಮೇಷ್ಟ್ರು
ಬಾಲಿಶ ಅಲ್ಲ. ಒಂದು ಮಾತು ಸೇರಿಸ್ತೇನೆ. ಬೆನಿನ್ ದೇಶ 2024ರಿಂದ ಹಸಿ ಗೇರುಬೀಜದ ರಫ್ತು ನಿಲ್ಲಿಸುತ್ತೇವೆ ಅಂತ ಘೋಷಿಸಿತು. ಸಿಪ್ಪೆ ಸಮೇತ ಮಾರಿ ಎಷ್ಟು ವರ್ಷ ಕೂರುವುದು, ಒಡೆಯುವ ಕೆಲಸ ನಮ್ಮ ಊರಿನ ಹೆಂಗಸರಿಗೇ ಸಿಗಲಿ ಅಂತ ಅವರ ಲೆಕ್ಕ. ನಾವು ಒಳ್ಳೆಮೆಣಸಿಗೆ ಕೇಳುವ ನ್ಯಾಯವನ್ನೇ ಅವರು ಬೀಜಕ್ಕೆ ಕೇಳ್ತಾ ಇದ್ದಾರೆ. ಅವರ ಎದುರು ನಾವೇ ಶ್ರೀಮಂತ ದೇಶ. ಇಲ್ಲಿ ಕೂತು ನಾವು 'ಅಭಿವೃದ್ಧಿಶೀಲರು' ಅಂತ ಅಳುವಾಗ ಇದೂ ತಲೆಯಲ್ಲಿರಲಿ.

ಫ್ಯಾಕ್ಟರಿ_ಬೀಜ (ಕಾರ್ಕಳ)
ಮೇಷ್ಟ್ರೇ, ನೀವು ಹೇಳುವುದು ಸರಿ ಇರ್ಬಹುದು. ಆದ್ರೆ ಬ್ಯಾಂಕಿನವರಿಗೆ ನಾನು ಬೆನಿನ್‌ನ ನ್ಯಾಯ ವಿವರಿಸ್ಲಿಕ್ಕೆ ಆಗುದಿಲ್ಲ.

ಮಲ್ಪೆ_ಬೂತಾಯಿ
ತೋಟದವರದ್ದೇ ಆಯ್ತು. ಸಮುದ್ರದ ಕಡೆಯೂ ನೋಡಿ. 2022ರ ಜೂನ್‌ನಲ್ಲಿ ಜಿನೀವಾದಲ್ಲಿ ಮೀನುಗಾರಿಕೆ ಸಬ್ಸಿಡಿ ಬಗ್ಗೆ ಡಬ್ಲ್ಯುಟಿಒ ಒಪ್ಪಂದ ಆಯ್ತು, 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೂ ಬಂತು. ಕದ್ದು ಹಿಡಿಯುವವರಿಗೆ, ಮೀನು ಮುಗಿದ ಕಡೆ ಹಿಡಿಯುವವರಿಗೆ ಸರ್ಕಾರದ ಸಹಾಯ ಇಲ್ಲ ಅಂತ. ಅದು ಇರ್ಲಿ. ಭಯ ಇರುವುದು ಎರಡನೇ ಕಂತಿನದ್ದು, ಜಾಸ್ತಿ ಹಿಡಿಯಲು ನೆರವಾಗುವ ಸಬ್ಸಿಡಿಯನ್ನೇ ನಿಲ್ಲಿಸುವ ಮಾತು. ನಮ್ಮ ಬೋಟಿಗೆ ತೆರಿಗೆ ಬಿಟ್ಟ ಡೀಸೆಲ್, ನಾಡದೋಣಿಗೆ ಸೀಮೆಎಣ್ಣೆ, ಎಲ್ಲ ಅದರಲ್ಲೇ ಬರ್ತದೆ. ಭಾರತ 25 ವರ್ಷ ಸಮಯ ಕೇಳಿದೆ.

ಈ ಅರಬ್ಬಿ ಸಮುದ್ರ ಖಾಲಿ ಮಾಡಿದ್ದು ನಾವಾ? ಸಾವಿರ ಮೈಲಿ ದೂರದಿಂದ ಹಡಗಿನಷ್ಟು ದೊಡ್ಡ ಬೋಟ್ ತಂದು ಬಾಚಿದವರು ಯಾರು? ನಾವು ಜೂನ್ 1ರಿಂದ ಜುಲೈ 31ರವರೆಗೆ 61 ದಿವಸ ಬೋಟನ್ನು ಧಕ್ಕೆಯಲ್ಲಿ ಕಟ್ಟಿ ಬಲೆ ಹೊಲೀತಾ ಕೂರ್ತೇವೆ.

ಹೊಯಿಗೆಬಜಾರ್_ಕಾಣೆ
ನಾವೂ ಅಷ್ಟು ಪಾಪದವರಲ್ಲ ಅಣ್ಣ. ಲೈಟ್ ಹಾಕಿ ಹಿಡಿಯುವುದು, ಕಿರುಬೆರಳಿನಷ್ಟು ಮರಿಗಳನ್ನು ಫಿಶ್‌ಮೀಲಿಗೆ ಹಾಕುವುದು ಜಿನೀವಾದವರು ಹೇಳಿಕೊಟ್ಟದ್ದಾ?

ಮಲ್ಪೆ_ಬೂತಾಯಿ
ಅದು ಬೇರೆ ಚರ್ಚೆ.

ಹೊಯಿಗೆಬಜಾರ್_ಕಾಣೆ
ಬೇರೆ ಅಲ್ಲ. ಒಂದು ಹಳೆ ಕಥೆ ಕೇಳಿ. ಬಲೆಗೆ ಆಮೆ ತಪ್ಪಿಸುವ ಸಾಧನ ಹಾಕದ ದೇಶದ ಸಿಗಡಿ ಬೇಡ ಅಂತ ಅಮೆರಿಕ ಕಾನೂನು ಮಾಡಿತ್ತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಒಟ್ಟಿಗೆ ಡಬ್ಲ್ಯುಟಿಒಗೆ ದೂರು ಕೊಟ್ಟವು, 1998ರಲ್ಲಿ ಗೆದ್ದವು. ಗೆದ್ದದ್ದು ಹೇಗೆ? 'ಕಾನೂನಿನ ಉದ್ದೇಶ ಸರಿ, ಜಾರಿ ಮಾಡಿದ ರೀತಿಯಲ್ಲಿ ತಾರತಮ್ಯ' ಅಂತ ತೀರ್ಪು. ಅಮೆರಿಕ ರೀತಿಯನ್ನು ಮಾತ್ರ ತಿದ್ದಿಕೊಂಡಿತು, ನಿಷೇಧ ಉಳೀತು. 2019ರಿಂದ ನಮ್ಮ ಸಮುದ್ರದಲ್ಲಿ ಹಿಡಿದ ಸಿಗಡಿಗೆ ಅಲ್ಲಿ ಬಾಗಿಲು ಮುಚ್ಚಿತು, ಕೆರೆಯಲ್ಲಿ ಸಾಕಿದ್ದಕ್ಕೆ ಮಾತ್ರ ದಾರಿ. ಕೇಸು ಗೆದ್ದೂ ಮಾರ್ಕೆಟ್ ಕಳ್ಕೊಂಡದ್ದು ಹೀಗೆ. ಆ ಸಾಧನ ಮೊದಲೇ ಕಟ್ಟಿದ್ದಿದ್ರೆ?

ಕುಂದಾಪ್ರದ_ಹ್ವಾಯ್
ಹ್ವಾಯ್, ಎಲ್ಲಾ ಸರಿ, ಈಗ ಬೊಂಡಾಸ್ ಮೀನಿಗೆ ಎಷ್ಟ್ ರೇಟ್ ಅಂತ್ ಯಾರಾರೂ ಹೇಳಿ ಕಾಂಬ.

ಅಡ್ಮಿನ್
ಬೊಂಡಾಸಿನ ರೇಟಿಗೆ ಬೇರೆ ಎಳೆ ಉಂಟು. ಎರಡು ಕಾಮೆಂಟ್ ತೆಗೆದಿದ್ದೇನೆ, ಪಕ್ಷದ ಹೆಸರು ಹಿಡಿದು ಬೈದಾಡುವುದು ಬೇಡ. ಲಂಕೆ ಒಪ್ಪಂದ, ಆಸಿಯಾನ್ ಒಪ್ಪಂದ ಬೇರೆ ಬೇರೆ ಸರ್ಕಾರದ ಕಾಲದ್ದು, ಎಲ್ಲರ ಪಾಲೂ ಉಂಟು.

ಕಡಬದ_ಹಾಲು
ರಬ್ಬರಿನವರನ್ನು ಎಲ್ರೂ ಮರೆತಿದ್ದೀರಿ. ಡಬ್ಲ್ಯುಟಿಒ ಪಟ್ಟಿಯಲ್ಲಿ ರಬ್ಬರ್ ಕೃಷಿ ಉತ್ಪನ್ನವೇ ಅಲ್ಲವಂತೆ! ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಣೆಗೆ ಲೈಟ್ ಕಟ್ಟಿ ಮರ ಕೆತ್ತುವ ನಾನು ಕೃಷಿಕ ಅಲ್ಲ, ಫ್ಯಾಕ್ಟರಿ. ಸುಂಕ ಶೇ 25 ಅಥವಾ ಕಿಲೋಗೆ 30 ರೂಪಾಯಿ, ಯಾವುದು ಕಮ್ಮಿಯೋ ಅದು. ಆಸಿಯಾನ್‌ನಲ್ಲಿ ರಬ್ಬರಿಗೆ ರಿಯಾಯಿತಿ ಕೊಟ್ಟಿಲ್ಲ ಅಂತ ಖುಷಿ ಪಟ್ಟಿದ್ದೆವು. ರಬ್ಬರಿಗೆ ಸ್ವಲ್ಪ ಏನಾದ್ರೂ ಬೆರೆಸಿ 'ಕಾಂಪೌಂಡ್ ರಬ್ಬರ್' ಅಂತ ಕರೆದ್ರೆ ಅಲ್ಲಿಂದ ಸುಂಕ ಇಲ್ಲದೆ ಬರ್ತದೆ ಅಂತ ಆಮೇಲೆ ಗೊತ್ತಾಯ್ತು. 2023ರ ಬಜೆಟಿನಲ್ಲಿ ಕಾಂಪೌಂಡಿಗೆ ಶೇ 25 ಮಾಡಿದ್ರು, ಒಪ್ಪಂದದ ದೇಶಗಳಿಗೆ ಅದು ತಟ್ಟುದೇ ಇಲ್ಲ.

ಪಣಂಬೂರು_ಗಾಳಿ
ಹುರಿದ ಅಡಿಕೆಯ ಅಣ್ಣ ಅದು.

ಚಾಲಿ_ಪಟೋರ (ಪುತ್ತೂರು)
ಇವಕ್ಕೆಲ್ಲ ಅಜ್ಜ ವನಸ್ಪತಿ (ಡಾಲ್ಡಾ). ಲಂಕೆ ಒಪ್ಪಂದ ಆದ ಕೂಡ್ಲೆ ನಮ್ಮವರೇ ಅಲ್ಲಿ ಹೋಗಿ ವನಸ್ಪತಿ ಫ್ಯಾಕ್ಟರಿ ಹಾಕಿದ್ರು. ಮಲೇಷ್ಯಾ, ಇಂಡೋನೇಷ್ಯಾದ ತಾಳೆಎಣ್ಣೆ ಅಲ್ಲಿ ತರಿಸಿ, ಗಟ್ಟಿ ಮಾಡಿ, ಸುಂಕ ಇಲ್ಲದೆ ಇಲ್ಲಿಗೆ. ಕೊನೆಗೆ 2006ರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಟನ್ ಅಂತ ಮಿತಿ ಹಾಕ್ಬೇಕಾಯ್ತು. ಹೂಡಿಕೆ ಬರ್ತದೆ, ಉದ್ಯೋಗ ಬರ್ತದೆ ಅಂತಾರಲ್ಲ, ಲಂಕೆಗೆ ಬಂದ ಹೂಡಿಕೆ ಅದು. ಸುಂಕದ ವ್ಯತ್ಯಾಸ ತಿನ್ಲಿಕ್ಕೆ ಬಂದದ್ದು, ವ್ಯತ್ಯಾಸ ಮುಗಿದ ಮೇಲೆ ನಿಲ್ಲುವುದು ಯಾಕೆ?

ಕೊಡಿಯಾಲ್‌ಬೈಲ್_ಕರಿಕೋಟು
ಹೂಡಿಕೆಯ ಮಾತು ಬಂದದ್ದರಿಂದ ನಾನೂ ಬಾಯಿ ಹಾಕ್ತೇನೆ. ಮೆಣಸಿನ ಒಪ್ಪಂದ ಬೇರೆ, ಹೂಡಿಕೆ ರಕ್ಷಣೆ ಒಪ್ಪಂದ ಬೇರೆ. ಎರಡನೇದರಲ್ಲಿ ವಿದೇಶಿ ಕಂಪನಿ ನಮ್ಮ ಕೋರ್ಟ್ ಬಿಟ್ಟು ಸೀದಾ ಅಂತರರಾಷ್ಟ್ರೀಯ ಪಂಚಾಯ್ತಿಗೆ ನಮ್ಮ ಸರ್ಕಾರವನ್ನೇ ಎಳೀಬಹುದು. 1994ರಲ್ಲಿ ಬ್ರಿಟನ್ ಜೊತೆ ಮೊದಲನೇದು ಆಯ್ತು, ಆಮೇಲೆ ಎಂಬತ್ತಕ್ಕೂ ಮೇಲೆ ಮಾಡಿದೆವು. ಯಾರೂ ಓದಿದ ಹಾಗೆ ಕಾಣುವುದಿಲ್ಲ.

2011ರಲ್ಲಿ ಮೊದಲ ಪೆಟ್ಟು ಬಿತ್ತು. ವೈಟ್ ಇಂಡಸ್ಟ್ರೀಸ್ ಅಂತ ಆಸ್ಟ್ರೇಲಿಯಾದ ಕಂಪನಿ, ಕೋಲ್ ಇಂಡಿಯಾ ಜೊತೆ ತಕರಾರು. ನಮ್ಮ ಕೋರ್ಟುಗಳಲ್ಲಿ ಒಂಬತ್ತು ವರ್ಷ ಕೇಸು ಕೊಳೀತು. ಅವರು ಆಸ್ಟ್ರೇಲಿಯಾ ಒಪ್ಪಂದದ ಅಡಿಯಲ್ಲಿ ಹೋದ್ರು. ಅದರಲ್ಲಿ ಬೇಕಾದ ಕಲಂ ಇರಲಿಲ್ಲ. 'ಬೇರೆ ದೇಶಕ್ಕೆ ಕೊಟ್ಟ ಸವಲತ್ತು ನಮಗೂ' ಎಂಬ ಸಾಲು ಹಿಡಿದು ಭಾರತ-ಕುವೈತ್ ಒಪ್ಪಂದದ ಕಲಂ ಎರವಲು ತಂದ್ರು, ಗೆದ್ದ್ರು! ಆಮೇಲೆ ಹಿಂದಿನ ದಿನಾಂಕದಿಂದ ತೆರಿಗೆ ಹಾಕಿದ್ದಕ್ಕೆ ವೊಡಾಫೋನ್, ಕೇರ್ನ್ ಎರಡೂ 2020ರಲ್ಲಿ ಗೆದ್ದವು. ಕೇರ್ನ್‌ಗೆ 120 ಕೋಟಿ ಡಾಲರ್. ಪ್ಯಾರಿಸಿನಲ್ಲಿ ನಮ್ಮ ಸರ್ಕಾರದ ಆಸ್ತಿಯನ್ನು ಮುಟ್ಟುಗೋಲು ಹಾಕುವವರೆಗೆ ಹೋಯ್ತು. 2021ರ ಆಗಸ್ಟ್‌ನಲ್ಲಿ ಆ ತೆರಿಗೆಯನ್ನೇ ಕೈಬಿಟ್ಟರು.

ಅಷ್ಟರೊಳಗೆ ಹಳೆಯ ಒಪ್ಪಂದಗಳಲ್ಲಿ ಹೆಚ್ಚಿನವನ್ನು ರದ್ದು ಮಾಡಿ ಆಗಿತ್ತು. ಹೊಸ ಮಾದರಿಯಲ್ಲಿ ಮೊದಲು ಐದು ವರ್ಷ ಇಲ್ಲಿಯ ಕೋರ್ಟು ಸುತ್ತಬೇಕು. 2024ರ ಯುಎಇ ಒಪ್ಪಂದದಲ್ಲಿ ಅದನ್ನು ಮೂರಕ್ಕೆ ಇಳಿಸಿದ್ದಾರೆ. ನಮ್ಮ ಕೋರ್ಟುಗಳಲ್ಲಿ ಮೂರು ವರ್ಷದಲ್ಲಿ ಎಂತ ಆಗ್ತದೆ ಅಂತ ನನ್ನ ಹತ್ರ ಕೇಳಿ, ವಕಾಲತ್ತು ಹಾಕಿ ನಾಲ್ಕು ವಾಯಿದೆ.

ಎಲ್ಲೂರಿನವ
ವಕೀಲ್ರೆ, ನಮ್ಮೂರಿನ ಕೇಸು ಬಿಟ್ರಿ. ನಂದಿಕೂರಿಗೆ ಅಮೆರಿಕದ ಕೋಜೆಂಟ್ರಿಕ್ಸ್ ಕಂಪನಿಯ ಕರೆಂಟಿನ ಸ್ಥಾವರ ಬರ್ಬೇಕಿತ್ತು, 1,000 ಮೆಗಾವಾಟ್, ಕಲ್ಲಿದ್ದಲು. ಕೇಂದ್ರದ ಪ್ರತಿಖಾತರಿ ಸಿಗ್ಬೇಕಾಗಿದ್ದ ಎಂಟು ತ್ವರಿತ ಯೋಜನೆಗಳಲ್ಲಿ ಅದೂ ಒಂದು. ಅಂದ್ರೆ ರಾಜ್ಯ ಕರೆಂಟಿನ ದುಡ್ಡು ಕೊಡದಿದ್ರೆ ದೆಹಲಿ ಕೊಡ್ಬೇಕು. ವರ್ಷಗಟ್ಟಲೆ ಪ್ರತಿಭಟನೆ, ಕೋರ್ಟು. 1999ರ ಡಿಸೆಂಬರ್‌ನಲ್ಲಿ ಅವರೇ ಕೈ ತೊಳ್ಕೊಂಡು ಹೋದ್ರು. ಇಲ್ಲಿ ಪಟಾಕಿ ಹೊಡೆದಿದ್ದರು, ನಾನು ಸಣ್ಣವ ಆಗ. ಆಮೇಲೆ ಅದೇ ಊರಿಗೆ 1,200 ಮೆಗಾವಾಟ್ ಬಂತು, ಹೊರದೇಶದ ಕಲ್ಲಿದ್ದಲಿನದ್ದೇ. ಕಂಪನಿ ಮಾತ್ರ ಸ್ವದೇಶಿ.

ಗಂಟಲ್ಕಟ್ಟೆಯ_ಮೇಷ್ಟ್ರು
ಇನ್ನೂ ಹಿಂದೆ ಹೋಗಿ. ಕುದುರೆಮುಖ ಗಣಿ ಹುಟ್ಟಿದ್ದೇ ಇರಾನಿನ ಒಪ್ಪಂದದಿಂದ. 1970ರ ದಶಕದಲ್ಲಿ ಅಲ್ಲಿಯ ದೊರೆ ಶಾನ ಸರ್ಕಾರ 63 ಕೋಟಿ ಡಾಲರ್ ಸಾಲ ಕೊಡ್ತೇವೆ, ಅದಿರೂ ನಾವೇ ಕೊಳ್ತೇವೆ ಅಂತ ಒಪ್ಪಿತು. ಬೆಟ್ಟದಿಂದ ಪಣಂಬೂರಿಗೆ 67 ಕಿಲೋಮೀಟರ್ ಪೈಪ್ ಹಾಕಿ, ಅದಿರಿನ ಕೆಸರು ಇಳಿಸುವ ವ್ಯವಸ್ಥೆ ಆಯ್ತು. 1979ರಲ್ಲಿ ಅಲ್ಲಿ ಕ್ರಾಂತಿ, ಶಾ ಓಡಿದ. ಗಣಿ ತಯಾರಾಗುವಾಗ ಕೊಳ್ಳುವವನೇ ಇಲ್ಲ! ಬೇರೆ ಗಿರಾಕಿಗಳನ್ನು ಹುಡುಕಿ 2005ರ ಕೊನೆಯವರೆಗೆ ಅಗೆದರು, ಮತ್ತೆ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಿಂತಿತು. ಭದ್ರೆಗೆ ಹರಿದ ಕೆಸರು ಯಾವ ಒಪ್ಪಂದದಲ್ಲೂ ಬರೆದಿರಲಿಲ್ಲ.

ದುಬೈ_ಪುಳಿಮುಂಚಿ
ಹಾಗಾದ್ರೆ ಯಾವ ಒಪ್ಪಂದವೂ ಬೇಡವಾ? ನಾವು ಅರ್ಧ ಜಿಲ್ಲೆ ಗಲ್ಫಿನ ದುಡ್ಡಿನಲ್ಲಿ ಮನೆ ಕಟ್ಟಿ ಕೂತಿದ್ದೇವೆ. ಹೊರಗೆ ಹೋಗ್ಲಿಕ್ಕೆ ಬಾಗಿಲು ಬೇಕು, ಒಳಗೆ ಬರ್ಲಿಕ್ಕೆ ಬೇಡ ಅಂದ್ರೆ ಯಾರು ಒಪ್ತಾರೆ?

ಕುಂದಾಪ್ರದ_ಹ್ವಾಯ್
ಬೇಡ ಅಂದದ್ದೂ ಉಂಟಲೆ ಮಾರ್ರೆ. 2018ರಗೆ ಆರ್‌ಸಿಇಪಿ (ಏಷ್ಯಾ ಕಡಿ ದೇಶಗಳ್ ದೊಡ್ಡ್ ವ್ಯಾಪಾರ ಒಪ್ಪಂದ) ಬೇಡ ಅಂತ್ ಬ್ಯಾಂಕಾಕಿನಗೆ ಎದ್ದ್ ಬಂದದ್. ಅದಾಗಿದ್ರೆ ನ್ಯೂಜಿಲೆಂಡಿನ್ ಹಾಲಿನ್ ಪುಡಿ ಬಪ್ಪುದಿತ್ತ್, ನಮ್ ಡೈರಿಗೆ ಹಾಲ್ ಹಾಕುವರ್ ಕಥಿ ಮುಗೀತಿತ್ತ್.

ಕೊಡಿಯಾಲ್‌ಬೈಲ್_ಕರಿಕೋಟು
2019, ನವೆಂಬರ್ 4. ಉಳಿದದ್ದು ಸರಿ. ಆಸಿಯಾನ್ ಜೊತೆ 2010-11ರಲ್ಲಿ ಸುಮಾರು 500 ಕೋಟಿ ಡಾಲರ್ ಇದ್ದ ಕೊರತೆ 2022-23ಕ್ಕೆ 4,300 ಕೋಟಿ ದಾಟಿತು. ಅದೂ ತಲೆಯಲ್ಲಿತ್ತು ಅಂತ ಕಾಣ್ತದೆ.

ಚಾಲಿ_ಪಟೋರ (ಪುತ್ತೂರು)
ದುಬೈಯವರಿಗೆ: ಬಾಗಿಲು ಬೇಡ ಅಂತ ನಾನು ಹೇಳಲಿಲ್ಲ. 1970-71ರಲ್ಲಿ ಅಡಿಕೆ ಬೆಲೆ ನೆಲಕ್ಕೆ ಬಿದ್ದದ್ದು ಯಾವ ಒಪ್ಪಂದದಿಂದಲೂ ಅಲ್ಲ. ಬೆಳೆಗಾರರು 1973ರಲ್ಲಿ ತಮ್ಮದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಕಟ್ಟಿದ್ರು, ಕೊಳ್ಳುವ ಕೈ ಒಂದು ತಯಾರಾಯ್ತು. ಕೊಕ್ಕೊಗೆ ಕ್ರಯ ಇಲ್ಲದಾಗ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯೇ ಹಾಕಿದ್ರು. ಒಳ್ಳೆಮೆಣಸಿನವರಿಗೆ ಅಂಥ ಕೈ ಇಷ್ಟು ಗಟ್ಟಿ ಇರಲಿಲ್ಲ, ಹಾಗಾಗಿ ಕೊಲಂಬೋದ ಒಂದು ಹಾಳೆಗೆ ಅಲ್ಲಾಡಿದೆವು. ದೆಹಲಿಯಲ್ಲಿ ಯಾರು ಜೋರು ಬೊಬ್ಬೆ ಹಾಕ್ತಾರೋ ಅವರ ಬೆಳೆಗೆ ಬೇಲಿ. ಸುಲಿದ ಕೈಯವರ ಬೊಬ್ಬೆ ಯಾರಿಗೂ ಕೇಳಲಿಲ್ಲ ನೋಡಿ.

ಸುಲಿದ_ಕೈ
ನಾವು ಬೊಬ್ಬೆ ಹಾಕಿದ್ದೆವು ಅಣ್ಣ. ಗೇಟಿನ ಒಳಗೆ.

ಅಟ್ಟದ_ಗೋಣಿ (ವಿಟ್ಲ)
ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. 50, 8, 0 ಅಂದಾಗ ಎರಡು ಸಲ ಕೇಳಿ ಕ್ಯಾಲೆಂಡರಿನ ಹಿಂದೆ ಬರ್ಕೊಂಡ್ರು. ಹುರಿದ ಅಡಿಕೆಗೆ ನಕ್ಕರು. ಬೀಜದ ಫ್ಯಾಕ್ಟರಿಯ ಅಕ್ಕನದ್ದು ಓದುವಾಗ ಅಮ್ಮ ಒಳಗಿಂದ ಬಂದು ಬಾಗಿಲಲ್ಲಿ ನಿಂತ್ರು. ಅಮ್ಮನ ದೊಡ್ಡಮ್ಮನೂ ಕಟ್ಟಿಂಗಿಗೆ ಹೋಗ್ತಿದ್ದರಂತೆ, ನನಗೆ ಇವತ್ತೇ ಗೊತ್ತಾದದ್ದು.

ಮೂರು ಗೋಣಿಯಲ್ಲಿ ಒಂದು ಕೊಡುವುದು, ಎರಡು ಅಟ್ಟದಲ್ಲೇ ಇರ್ಲಿ ಅಂತ ತೀರ್ಮಾನ. ಆದ್ರೆ ಈ ಮಳೆಯಲ್ಲಿ ಬೂಸು ಬಂದೀತು ಅಂತ ಹೆದರಿಕೆ. ತೇವ ನೋಡುವ ಮೀಟರ್ ವಿಟ್ಲದ ಹತ್ತಿರ ಯಾರ ಬಳಿಯಾದ್ರೂ ಉಂಟಾ?

ಚಾಲಿ_ಪಟೋರ (ಪುತ್ತೂರು)
ನನ್ನ ಹತ್ರ ಉಂಟು. ಆದಿತ್ಯವಾರ ಉಕ್ಕುಡದಲ್ಲಿ ಒಂದು ಗೃಹಪ್ರವೇಶಕ್ಕೆ ಬರ್ಲಿಕ್ಕುಂಟು, ಊಟ ಮುಗಿಸಿ ನಿಮ್ಮಲ್ಲಿಗೆ ಬರ್ತೇನೆ. ಗೋಣಿಯನ್ನು ಗೋಡೆಗೆ ತಾಗಿಸಿ ಇಡ್ಬೇಡಿ, ಅಡಿಗೆ ಹಲಗೆ ಹಾಕಿ.

ಕುಂದಾಪ್ರದ_ಹ್ವಾಯ್
ಬೊಂಡಾಸಿನ್ ಎಳಿ ಎಲ್ ಉಂಟ್ ಅಡ್ಮಿನ್ರೇ, ಹುಡ್ಕಿರೂ ಸಿಕ್ಕುದಿಲ್ಲೆ.